ಅಪ್ಪೆಮಿಡಿ ಮುರಿದ ಕಥೆ

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. "ಬ್ಲಾಗಿಗೆ ಬೀಗ ಹಾಕಿದ್ರಾ ಹೇಗೆ?" ಅಂತ ಇಬ್ಬರು ಕೇಳಿದ್ದರು. ಆಫೀಸಿನಲ್ಲಿ ರಿಲೀಸ್ ಇತ್ತು, ಪುರುಸೊತ್ತಿರಲಿಲ್ಲ ಅಂತ ಅವರಿಬ್ಬರಿಗೂ ಹೇಳಿದೆ. ಅದು ಅರ್ಧ ಸುಳ್ಳು. ನಿಜ ಏನಂದ್ರೆ, ನಾನು ಮೂರು ವಾರದಿಂದ ಸಿಟ್ಟು ಮಾಡಿಕೊಂಡು ಕೂತಿದ್ದೆ. ಒಂದು ಖಡ್ಗ ಮುರಿದು ಹೋಯ್ತು ಅಂತ. ಆ ಖಡ್ಗ ಇದ್ದದ್ದು ಒಂದು ಹಾಳೆಯ ಮೇಲೆ, ಪೆನ್ಸಿಲ್ಲಿನಲ್ಲಿ ಬರೆದ ಒಂದು ಸಾಲಾಗಿ.

ನಗಬೇಡಿ. ಅಥವಾ ನಕ್ಕುಬಿಡಿ, ನಂಗೂ ಈಗ ನಗು ಬರುತ್ತೆ :-)

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ ಇದೆ, ಕಂಪ್ಯೂಟರ್ ಆಟ ಅಲ್ಲ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು, ಬಾಯಲ್ಲಿ ಕಥೆ ಹೇಳಿಕೊಂಡು, ದಾಳ ಉರುಳಿಸಿ ಆಡೋದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಅರ್ನೆಸನ್ ಎಂಬಿಬ್ಬರು ಇದನ್ನು ಹೊರತಂದರು. ಒಬ್ಬರು ಡಿಎಂ, ಅಂದ್ರೆ ಡಂಜನ್ ಮಾಸ್ಟರ್. ಊರು, ಕಾಡು, ಗುಹೆ, ರಾಕ್ಷಸರು ಎಲ್ಲಾ ಅವರ ಜವಾಬ್ದಾರಿ. ಉಳಿದವರಿಗೆ ತಲೆಗೊಂದು ಪಾತ್ರ. ಯಕ್ಷಗಾನ ನೋಡಿದವರಿಗೆ ಹೇಳೋದಾದ್ರೆ, ಪ್ರಸಂಗ ಗೊತ್ತಿಲ್ಲದೆ ಅರ್ಥ ಹೇಳೋಕೆ ಕೂತ ಹಾಗೆ. ಭಾಗವತರಿಗೆ ಮಾತ್ರ ಮುಂದೇನು ಅಂತ ಸ್ವಲ್ಪ ಗೊತ್ತು, ಅವರಿಗೂ ಪೂರ್ತಿ ಗೊತ್ತಿಲ್ಲ.

ನಾವು ಆಡೋದು ಶನಿವಾರ ಸಂಜೆ, ಬೆಂಗಳೂರಿನಲ್ಲೇ, ನಮ್ಮ ಡಿಎಂ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ. ಅವರು ನನ್ನ ಹಳೇ ಆಫೀಸಿನ ಸೀನಿಯರ್. ಅವರ ಸೋದರಮಾವ ಅಮೆರಿಕದಿಂದ ವಾಪಸ್ ಬರುವಾಗ ತಂದ ಪುಸ್ತಕಗಳು ಅವರ ಹತ್ರ ಇವೆ, 2003ರಲ್ಲಿ ಬಂದ 3.5 ಆವೃತ್ತಿ. ಊರೆಲ್ಲಾ ಐದನೇ ಆವೃತ್ತಿ ಆಡ್ತಿದ್ರೂ ನಾವು ಇನ್ನೂ ಅದಕ್ಕೇ ಅಂಟಿಕೊಂಡಿದ್ದೀವಿ. ಕಾರಣ ತತ್ವ ಸಿದ್ಧಾಂತ ಏನಲ್ಲ, ಪುಸ್ತಕ ಪುಕ್ಕಟೆ. ಗುಂಪಿನಲ್ಲಿ ಡಿಎಂ ಅವರ ಅಕ್ಕಾನೂ ಇದ್ದಾರೆ, ಹೈಸ್ಕೂಲಿನಲ್ಲಿ ಗಣಿತ ಮೇಡಮ್ಮು. ನಾವೂ ಎಲ್ಲರೂ ಅವರನ್ನ ಅಕ್ಕ ಅಂತಲೇ ಕರೆಯೋದು. ಅವರದು ಪೂಜಾರಿಣಿ ಪಾತ್ರ, ಗಾಯ ವಾಸಿ ಮಾಡೋ ಮಂತ್ರ ಎಲ್ಲ ಅವರ ಹತ್ರ.

ನನ್ನನ್ನ ಈ ಆಟಕ್ಕೆ ಎಳೆದುಕೊಂಡು ಬಂದವನು ನನ್ನ ಹಾಸ್ಟೆಲ್ ರೂಮ್‌ಮೇಟ್. ಸಾಗರದ ಕಡೆಯವನು. ಇಬ್ಬರೂ ಮೆಕ್ಯಾನಿಕಲ್ ಓದಿ, ಇಬ್ಬರೂ ಒಂದು ನಟ್ಟು ಬಿಗಿ ಮಾಡದೆ ಸಾಫ್ಟ್‌ವೇರ್ ಸೇರಿದವರು. ನಾಲ್ಕು ವರ್ಷ ಹಾಸ್ಟೆಲ್, ಆಮೇಲೆ ಮೂರು ವರ್ಷ ಬೆಂಗಳೂರಲ್ಲಿ ಒಂದೇ ರೂಮು. ಆಟದಲ್ಲಿ ಅವನದು ಕುಳ್ಳರ ಜಾತಿಯ ಯೋಧ, ಗಡ್ಡ ಮೊಣಕಾಲಿಗೆ. ಅವನ ಕೈಯಲ್ಲೊಂದು ಒಳ್ಳೆ ಕಸುಬುದಾರ ಮಾಡಿದ ಖಡ್ಗ. ಮಂತ್ರಗಿಂತ್ರ ಏನೂ ಇಲ್ಲ, ಬರೀ ಒಳ್ಳೆ ಕೆಲಸ. ಅದಕ್ಕೆ ಅವನಿಟ್ಟ ಹೆಸರು ಅಪ್ಪೆಮಿಡಿ. ಹಾಸ್ಟೆಲ್ಲಿಗೆ ಅವನ ಅಮ್ಮ ಕಳಿಸ್ತಿದ್ದ ಮಿಡಿ ಉಪ್ಪಿನಕಾಯಿ ಬಾಟಲಿ ನೆನಪಿಗೆ. ಆ ಬಾಟಲಿ ಇಲ್ಲದಿದ್ರೆ ಆ ಮೆಸ್ಸಿನ ಸಾಂಬಾರಿನಲ್ಲಿ ನಾವಿಬ್ಬರೂ ಇಂಜಿನಿಯರ್ ಆಗ್ತಿರಲಿಲ್ಲ. ಯಾವುದಾದ್ರೂ ಗೋಬ್ಲಿನ್ ತಲೆ ಉರುಳಿದ್ರೆ "ಹುಳಿ ಹತ್ತಿತಾ ಮಾರಾಯಾ?" ಅಂತ ಕೇಳೋನು.

2022ರಲ್ಲಿ ಅವನು ಟೊರಾಂಟೋಗೆ ಹೋದ. ಹೊರಡೋ ಹಿಂದಿನ ಶನಿವಾರ ಅವನ ಕುಳ್ಳ ಒಂದು ಸೇತುವೆ ಮೇಲೆ ಒಬ್ಬನೇ ನಿಂತು ನಮ್ಮನ್ನೆಲ್ಲ ದಾಟಿಸಿ ಸತ್ತ. ಅವನೇ ಡಿಎಂ ಹತ್ರ ಹಾಗೆ ಕೇಳಿಕೊಂಡಿದ್ದ. ಸಾಯೋ ಮೊದಲು ಖಡ್ಗ ನನ್ನ ಕಡೆ ಎಸೆದ. ಅವನ ಹಾಳೆಯಲ್ಲಿದ್ದ ಆ ಸಾಲನ್ನು ಅವನೇ ರಬ್ಬರಿನಲ್ಲಿ ಅಳಿಸಿ, ನನ್ನ ಹಾಳೆ ತಗೊಂಡು, ಅವನ ಕೋಳಿ ಕಾಲಿನ ಅಕ್ಷರದಲ್ಲಿ ಬರೆದ: ಅಪ್ಪೆಮಿಡಿ, 4 ಪೌಂಡು.

ಅದಾದ ಮೇಲೆ ನನ್ನ ಯೋಧ ಬೋರನ ಕೈಗೆ ಎಷ್ಟೋ ಒಳ್ಳೆ ಆಯುಧ ಸಿಕ್ಕಿವೆ. ನಾನು ಒಂದನ್ನೂ ಮುಟ್ಟಿರಲಿಲ್ಲ.

ಈಗ ನಿಯಮಕ್ಕೆ ಬರ್ತೀನಿ. ಸ್ವಲ್ಪ ಲೆಕ್ಕ ಇದೆ, ಅವಸರ ಇದ್ದವರು ಎರಡು ಪ್ಯಾರಾ ಹಾರಿಸಬಹುದು. ಈ ಆಟದಲ್ಲಿ ಪ್ರತಿ ಜೀವಿಗೂ ಹಿಟ್ ಪಾಯಿಂಟ್ ಅಂತ ಒಂದು ಸಂಖ್ಯೆ. ಏಟು ಬಿದ್ದ ಹಾಗೆ ಅದು ಇಳಿಯುತ್ತೆ. ವಸ್ತುಗಳಿಗೂ ಅದಿದೆ, ಜೊತೆಗೆ ಇನ್ನೊಂದು ಸಂಖ್ಯೆ, ಹಾರ್ಡ್‌ನೆಸ್. ಗಡಸುತನ ಅನ್ನೋಣ. ಪ್ರತಿ ಏಟಿನಿಂದಲೂ ಈ ಗಡಸುತನವನ್ನ ಕಳೆದು, ಉಳಿದದ್ದು ಮಾತ್ರ ವಸ್ತುವಿಗೆ ತಾಗುತ್ತೆ. ಕಾಗದ, ಬಟ್ಟೆ, ಹಗ್ಗಕ್ಕೆ ಗಡಸುತನ 0. ಗಾಜಿಗೆ 1, ಚರ್ಮಕ್ಕೆ 2, ಮರಕ್ಕೆ 5, ಕಲ್ಲಿಗೆ 8, ಕಬ್ಬಿಣ ಮತ್ತು ಉಕ್ಕಿಗೆ 10. ಕಥೆಗಳಲ್ಲಿ ಮಾತ್ರ ಸಿಗೋ ಮಿಥ್ರಲ್‌ಗೆ 15, ಅಡಮಂಟೀನ್‌ಗೆ 20. ಸಾಧಾರಣ ಮರದ ಬಾಗಿಲಿಗೆ ಗಡಸುತನ 5, ಹಿಟ್ ಪಾಯಿಂಟ್ 10. ಕೊಡಲಿಯಿಂದ ಹೊಡೆದು 8 ಬಂದ್ರೆ ಬಾಗಿಲಿಗೆ ಬೀಳೋದು 3. ನಾಲ್ಕು ಏಟಿಗೆ ಬಾಗಿಲು ಚೂರು. ಅದೇ ಎರಡಿಂಚು ದಪ್ಪದ ಕಬ್ಬಿಣದ ಬಾಗಿಲಾದ್ರೆ 10 ಮತ್ತು 60. ಅದಕ್ಕೆ 8ರ ಏಟು ಕೊಡುತ್ತಾ ನಾಳೆ ಬೆಳಿಗ್ಗೆವರೆಗೂ ನಿಂತರೂ ಅದರ ಬಣ್ಣವೂ ಹೋಗಲ್ಲ.

ಇನ್ನೂ ಇದೆ. ಬಾಣದಿಂದ ಬಾಗಿಲಿಗೆ ಹೊಡೆದ್ರೆ ಮೊದಲು ಅರ್ಧ ಮಾಡಿ, ಆಮೇಲೆ ಗಡಸುತನ ಕಳೀಬೇಕು. ಬೆಂಕಿ, ಮಿಂಚಿಗೂ ಅರ್ಧ. ಚಳಿಗೆ ಕಾಲು ಭಾಗ. ಆಸಿಡ್ಡಿಗೆ ಮತ್ತು ಸದ್ದಿಗೆ ಮಾತ್ರ ರಿಯಾಯಿತಿ ಇಲ್ಲ. ಹಗ್ಗವನ್ನ ಗದೆಯಿಂದ ಹೊಡೆದು ತುಂಡು ಮಾಡ್ತೀನಿ ಅಂದ್ರೆ ಡಿಎಂ ಆಗಲ್ಲ ಅನ್ನಬಹುದು. ಒಟ್ಟಿನಲ್ಲಿ ಬರೆದವರು ಯೋಚನೆ ಮಾಡಿದ್ದಾರೆ. ಆದ್ರೂ ತೂತು ಬಿಟ್ಟಿದ್ದಾರೆ. ಅಡಮಂಟೀನ್ ಆಯುಧ 20ಕ್ಕಿಂತ ಕಡಿಮೆ ಗಡಸುತನವನ್ನ ಲೆಕ್ಕಕ್ಕೇ ಇಡೋದಿಲ್ಲ. ಮೂರಡಿ ದಪ್ಪದ ಕಡೆದ ಕಲ್ಲಿನ ಗೋಡೆಗೆ 540 ಹಿಟ್ ಪಾಯಿಂಟ್. ಅಡಮಂಟೀನ್ ಚೂರಿಯಲ್ಲಿ ಸರಾಸರಿ 5.5ರಂತೆ ಕುಟ್ಟಿದ್ರೆ ಸುಮಾರು 98 ಸುತ್ತು, ಸುತ್ತಿಗೆ 6 ಸೆಕೆಂಡು. ಹತ್ತು ನಿಮಿಷದೊಳಗೆ ಕೋಟೆ ಗೋಡೆ ಮಾಯ! ಈ ಲೆಕ್ಕ ಹಾಕಿ ತೋರಿಸಿದ್ದು ಅಕ್ಕ. ಡಿಎಂ ಆವತ್ತೇ ಆ ಚೂರಿಯನ್ನ ನದಿಗೆ ಬೀಳಿಸಿದ್ರು.

ಇನ್ನು ಸಂಡರ್. ಎದುರಾಳಿಯನ್ನ ಬಿಟ್ಟು ಅವನ ಕೈಲಿರೋ ಆಯುಧಕ್ಕೇ ಹೊಡೆಯೋದಕ್ಕೆ ಇಲ್ಲಿರೋ ಹೆಸರು. ನಾವೇ ಹತ್ತಾರು ಸಲ ಮಾಡಿದ್ದೀವಿ, ಓರ್ಕುಗಳ ಈಟಿ ಮುರಿದು ಕೇಕೆ ಹಾಕಿದ್ದೀವಿ. ನಮ್ಮ ಮೇಲೆ ಯಾರೂ ಅದನ್ನ ಪ್ರಯೋಗ ಮಾಡಿರಲಿಲ್ಲ. ಆ ಶನಿವಾರ ಒಂದು ಓಗರ್ ಬಂತು. ಹತ್ತಡಿ ಎತ್ತರದ ದಡ್ಡ ದೈತ್ಯ, ಕೈಯಲ್ಲಿ ಮರದ ದೊಡ್ಡ ದೊಣ್ಣೆ. ಡಿಎಂ ಪುಸ್ತಕ ನೋಡಿ, ಒಂದು ಗಳಿಗೆ ತಡೆದು, "ಓಗರ್ ಖಡ್ಗಕ್ಕೆ ಹೊಡೆಯುತ್ತೆ" ಅಂದ್ರು.

ನಂಗೆ ಒಂದು ಪುಕ್ಕಟೆ ಏಟು ಸಿಗ್ತು, ತಪ್ಪಿತು. ಆಮೇಲೆ ಇಬ್ಬರೂ ಇಪ್ಪತ್ತು ಮುಖದ ದಾಳ ಹಾಕಬೇಕು. ನಂಗೆ ಬಿದ್ದಿದ್ದು 15, ಕೂಡಿಸೋದು 9, ಒಟ್ಟು 24. ಓಗರ್ ನನಗಿಂತ ದೊಡ್ಡದು, ಅದಕ್ಕೆ 4 ಹೆಚ್ಚು. ಎರಡು ಕೈಯ ಆಯುಧ, ಇನ್ನೂ 4. ಎಲ್ಲಾ ಸೇರಿ ಅದಕ್ಕೆ ಕೂಡಿಸೋದು 16, ದಾಳದಲ್ಲಿ 11. ಅಂದ್ರೆ 27. ಏಟು ತಗುಲಿತು. ದೊಣ್ಣೆಗೆ ಎಂಟು ಮುಖದ ದಾಳ ಎರಡು, ಮೇಲೆ 7. ಬಿದ್ದಿದ್ದು 5 ಮತ್ತು 4. ಒಟ್ಟು 16. ಉಕ್ಕಿನ ಗಡಸುತನ 10 ಕಳೆದ್ರೆ ಉಳಿದದ್ದು 6.

ಖಡ್ಗದ ಹಿಟ್ ಪಾಯಿಂಟ್ 5.

ಯಾರೂ ಮಾತಾಡಲಿಲ್ಲ. ನಾನು ಹಾಳೆ ನೋಡಿದೆ, ಅವನ ಅಕ್ಷರ ನೋಡಿದೆ. ಆಮೇಲೆ ಬಾಯಿ ತೆರೆದೆ, ತೆರೀಬಾರದಿತ್ತು.

"ಮರದ ದೊಣ್ಣೆಯಲ್ಲಿ ಉಕ್ಕಿನ ಖಡ್ಗ ಮುರಿಯುತ್ತಾ ಸಾರ್? ಮರಕ್ಕೆ 5, ಉಕ್ಕಿಗೆ 10 ಅಂತ ನಿಮ್ಮ ಪುಸ್ತಕಾನೇ ಹೇಳುತ್ತೆ. ಅಷ್ಟು ಜೋರಾಗಿ ಹೊಡೆದ್ರೆ ದೊಣ್ಣೆಗೆ ಏನೂ ಆಗಲ್ವಾ? ನ್ಯೂಟನ್ ಮೂರನೇ ನಿಯಮ ಎಲ್ಲಿ ಹೋಯ್ತು?"

"ಹೋದ ವಾರ ಡ್ರ್ಯಾಗನ್ ಹಾರಿದಾಗ ನ್ಯೂಟನ್ ನೆನಪಾಗಲಿಲ್ವಲ್ಲೋ" ಅಂದ್ರು ಡಿಎಂ.

ಎಲ್ಲರೂ ನಕ್ಕರು. ಆ ನಗು ನನ್ನ ನೆತ್ತಿಗೇರಿತು. ಇಂಜಿನಿಯರಿಂಗ್ ಓದಿದವನ ಮುಂದೆ ಹಾರ್ಡ್‌ನೆಸ್ ಅಂದ್ರೇನು ಅಂತ ಗೊತ್ತಿಲ್ಲದವರು ಬರೆದ ನಿಯಮ ಇದು, ನಾನು ಒಪ್ಪಲ್ಲ, ಅಂತೇನೇನೋ ಕೂಗಾಡಿ, ಹೆಲ್ಮೆಟ್ ತಗೊಂಡು ಇಳಿದು ಬಂದೆ. ಅಕ್ಕ ಮೆಟ್ಟಿಲ ತನಕ ಬಂದು ಏನೋ ಹೇಳೋಕೆ ಹೊರಟ್ರು, ನಾನು ಗಾಡಿ ಸ್ಟಾರ್ಟ್ ಮಾಡಿದ್ದೆ.

ಈಗ ಸಮಾಧಾನದಲ್ಲಿ ಹೇಳೋದಾದ್ರೂ ನನ್ನ ವಾದದಲ್ಲಿ ತಪ್ಪಿರಲಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ನಮಗೆ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ಇತ್ತು. ಅಲ್ಲಿ ಹಾರ್ಡ್‌ನೆಸ್ ಅಂದ್ರೆ ಬ್ರಿನೆಲ್ ಯಂತ್ರ. 10 ಮಿಲಿಮೀಟರ್ ಗುಂಡನ್ನ 3000 ಕಿಲೋ ಭಾರದಲ್ಲಿ ಉಕ್ಕಿನ ತುಂಡಿನ ಮೇಲೆ ಒತ್ತಿ, ಬಿದ್ದ ಗುಳಿಯ ಅಗಲ ಮೈಕ್ರೋಸ್ಕೋಪಿನಲ್ಲಿ ಅಳೆಯೋದು. ಗುಳಿ ಚಿಕ್ಕದಾದಷ್ಟೂ ವಸ್ತು ಗಡಸು. ಅಷ್ಟೇ. ಅದಕ್ಕೂ ಮುರಿಯೋದಕ್ಕೂ ನೇರ ಸಂಬಂಧ ಇಲ್ಲ. ಮುರಿಯೋದನ್ನ ಅಳೆಯೋಕೆ ಪಕ್ಕದಲ್ಲಿ ಇನ್ನೊಂದು ಯಂತ್ರ, ಚಾರ್ಪಿ. 55 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಚೌಕದ ಕಡ್ಡಿ, ನಡುವೆ 2 ಮಿಲಿಮೀಟರ್ ಆಳದ ಗೀರು. ಭಾರದ ಲೋಲಕ ಮೇಲಿಂದ ಬಂದು ಬಡಿಯುತ್ತೆ. ಕಡ್ಡಿ ಮುರಿಯೋಕೆ ಎಷ್ಟು ಶಕ್ತಿ ತಿಂತು ಅಂತ ಡಯಲ್ಲಿನ ಮುಳ್ಳು ತೋರಿಸುತ್ತೆ. ಅದು ಟಫ್‌ನೆಸ್. ಕಿಟಕಿ ಗಾಜು ಸಾಧಾರಣ ಮೈಲ್ಡ್ ಸ್ಟೀಲಿಗಿಂತ ಗಡಸು, ಆದ್ರೆ ಕ್ರಿಕೆಟ್ ಬಾಲಿಗೆ ಯಾವುದು ಮುರಿಯುತ್ತೆ ಅಂತ ನಮ್ಮ ಬೀದಿ ಹುಡುಗರಿಗೆಲ್ಲ ಗೊತ್ತು. ಆಟದವರು ಗಾಜಿಗೆ 1 ಕೊಟ್ಟಿದ್ದು ಗಡಸುತನಕ್ಕಲ್ಲ, ಬೇರೇನಕ್ಕೋ.

ಅದಕ್ಕೆ ಕನ್ನಡದಲ್ಲಿ ಏನು ಹೇಳೋದು? ಹಾರ್ಡ್‌ನೆಸ್‌ಗೆ ಗಡಸು ಇದೆ. ಬೇಗ ಮುರಿಯೋ ಗುಣಕ್ಕೆ ಪೆಡಸು ಅಂತ ಚೆಂದದ ಪದ ಇದೆ. ಪೆಡಸಿನ ಎದುರು ಗುಣಕ್ಕೆ ಒಂದೇ ಪದ ನಂಗೆ ಹೊಳೀತಿಲ್ಲ, ಗೊತ್ತಿದ್ದವರು ಹೇಳಿ. ಇವೆರಡರ ನಡುವಿನ ಹೊಂದಾಣಿಕೆಗೆ ಮಾತ್ರ ನಮ್ಮಲ್ಲಿ ಬಹಳ ಹಳೇ ಪದ ಇದೆ, ಹದ. ತಾತನ ಊರಿನ ಕುಲುಮೆಯಲ್ಲಿ ಕುಡುಗೋಲನ್ನ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ರೆ ಚೊಯ್ ಅಂತ ಸದ್ದು. ಅಲ್ಲಿಗೆ ಅದು ಗಡಸಾಯ್ತು, ಜೊತೆಗೆ ಪೆಡಸೂ ಆಯ್ತು. ಕಲ್ಲಿಗೆ ತಾಗಿದ್ರೆ ಚಕ್ಕೆ ಏಳುತ್ತೆ. ಮತ್ತೆ ಸಣ್ಣ ಕಾವಿನಲ್ಲಿ ಬಿಸಿ ಮಾಡಿ, ಅಂಚಿನಲ್ಲಿ ಹುಲ್ಲಿನ ಬಣ್ಣ ಬರೋದನ್ನ ಕಾದು ತೆಗೆದ್ರೆ ಗಡಸು ಒಂಚೂರು ಇಳಿದು, ಮುರಿಯದ ಗುಣ ಬರುತ್ತೆ. ಪುಸ್ತಕದ ಪಟ್ಟಿಯಲ್ಲಿ ಹದ ಇಲ್ಲ. ಹದ ಮಾಡಿದ ಖಡ್ಗಕ್ಕೂ ಕಚ್ಚಾ ಕಬ್ಬಿಣದ ಸರಳಿಗೂ ಒಂದೇ 10. ಹಳೇ ಕಾಲದಲ್ಲಿ ಹೆಸರಾಗಿದ್ದ ಊಟ್ಜ್ ಉಕ್ಕಿನ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದಿದ್ದು ಅಂತಾರೆ. ಆ ಜನಕ್ಕೆ ಈ ಪಟ್ಟಿ ತೋರಿಸಿದ್ರೆ ಏನನ್ನುತ್ತಿದ್ರೋ!

ಮೊದಲ ಶನಿವಾರ ಮನೇಲಿ ಕೂತು ಇದನ್ನೆಲ್ಲ ಡಿಎಂಗೆ ಮೇಲ್ ಬರೆದೆ. ಕಳಿಸಲಿಲ್ಲ. ಎರಡನೇ ಶನಿವಾರ, ನಾನೇ ಸರಿ ಅಂತ ಸಾಧಿಸೋಕೆ, ಬೇರೆ ಆಟಗಳಲ್ಲಿ ಇದಕ್ಕೆ ಏನು ಮಾಡಿದ್ದಾರೆ ಅಂತ ಹುಡುಕ್ತಾ ಕೂತೆ.

ಹುಡುಕಿದಾಗ ಸಿಕ್ಕಿದ ಒಂದು ಸಂಗತಿ ತಮಾಷೆಯಾಗಿತ್ತು. ಹಿಟ್ ಪಾಯಿಂಟ್ ಅನ್ನೋ ಲೆಕ್ಕ ಮೊದಲು ಮನುಷ್ಯರಿಗೆ ಇದ್ದದ್ದೇ ಅಲ್ಲ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಹಡಗುಗಳ ಕಾಳಗದ ಆಟಕ್ಕೆ ತಾನು ಮಾಡಿಕೊಂಡಿದ್ದ ನಿಯಮದಿಂದ ಅದನ್ನ ತಂದೆ ಅಂತ ಅರ್ನೆಸನ್ ಹೇಳಿಕೊಂಡಿದ್ದಾರೆ. ಮೊದಲು ಒಂದೇ ಏಟಿಗೆ ಪಾತ್ರಗಳು ಸಾಯ್ತಿದ್ವಂತೆ, ಆಡೋರಿಗೆ ತಮ್ಮ ಪಾತ್ರದ ಮೇಲೆ ಮಮತೆ ಬಂದುಬಿಟ್ಟಿತ್ತು, ಅದಕ್ಕೆ ಹಡಗಿನ ಲೆಕ್ಕ ಮನುಷ್ಯನಿಗೆ ಬಂತು. ಅಂದ್ರೆ ಅದು ಮೊದಲು ವಸ್ತುವಿನ ಲೆಕ್ಕ, ಆಮೇಲೆ ಮನುಷ್ಯನದಾಯ್ತು, ಆಮೇಲೆ ತಿರುಗಿ ಬಾಗಿಲು ಖಡ್ಗಗಳಿಗೆ ಬಂತು.

1979ರ ಡಂಜನ್ ಮಾಸ್ಟರ್ ಪುಸ್ತಕದಲ್ಲಿ ವಸ್ತುಗಳಿಗೆ ಈ ಗಡಸುತನದ ಲೆಕ್ಕ ಇರಲಿಲ್ಲ, ಒಂದು ದೊಡ್ಡ ಕೋಷ್ಟಕ ಇತ್ತು. ಒಂದು ಕಡೆ ಮೂಳೆ, ಬಟ್ಟೆ, ಗಾಜು, ಚರ್ಮ, ಲೋಹ, ಕನ್ನಡಿ, ಮರ. ಇನ್ನೊಂದು ಕಡೆ ಆಸಿಡ್, ಜಜ್ಜುವ ಏಟು, ಬೀಳೋದು, ಬೆಂಕಿ, ಹಿಮ, ಸಿಡಿಲು. ಬೆಂಕಿಯುಂಡೆ ಬಿದ್ರೆ ಚೀಲದಲ್ಲಿರೋ ಒಂದೊಂದು ಶೀಶೆಗೂ ದಾಳ ಹಾಕಬೇಕು. ಅರ್ಧ ಸಂಜೆ ಅದರಲ್ಲೇ ಹೋಗ್ತಿತ್ತೇನೋ. 2014ರ ಐದನೇ ಆವೃತ್ತಿ ಬರುವಷ್ಟರಲ್ಲಿ ಎಲ್ಲಾ ಸಡಿಲ. ಉಕ್ಕಿನ ವಸ್ತುವಿಗೆ ಏಟು ತಗುಲಿಸೋಕೆ 19 ಬೇಕು, ಹಿಟ್ ಪಾಯಿಂಟ್ ವಸ್ತುವಿನ ಗಾತ್ರ ನೋಡಿ. ಸಂಡರ್ ಅಂತ ಪ್ರತ್ಯೇಕ ನಿಯಮವೇ ಇಲ್ಲ. ಅಲ್ಲಿ ಒಬ್ಬ ಯೋಧ ಸಾಯೋಕೆ ಒಂದು ಪಾಯಿಂಟ್ ಬಾಕಿ ಇರುವಾಗ ಮಲಗಿ, ಎಂಟು ತಾಸು ವಿಶ್ರಾಂತಿ ಮಾಡಿ ಎದ್ರೆ ಪೂರ್ತಿ ವಾಸಿ. ಖಡ್ಗ ಮಾತ್ರ ಒಮ್ಮೆ ಮುರಿದ್ರೆ ಮಲಗಿಸಿದ್ರೂ ಕೂಡಲ್ಲ. ಅದಕ್ಕೇ ಇರಬೇಕು, ಹೆಚ್ಚಿನ ಆಟಗಾರರು ಪ್ರಾಣ ಹೋಗೋ ಡ್ರ್ಯಾಗನ್ನಿಗೆ ಎದೆ ಕೊಡ್ತಾರೆ, ಕಬ್ಬಿಣಕ್ಕೆ ತುಕ್ಕು ಹಿಡಿಸೋ ರಸ್ಟ್ ಮಾನ್ಸ್‌ಟರ್ ಕಂಡ್ರೆ ಓಟ ಕೀಳ್ತಾರೆ. (ಆ ಪ್ರಾಣಿಯ ರೂಪ ಗೈಗ್ಯಾಕ್ಸ್‌ಗೆ ಹೊಳೆದಿದ್ದು ಹಾಂಗ್‌ಕಾಂಗಿನ ಒಂದು ಅಗ್ಗದ ಪ್ಲಾಸ್ಟಿಕ್ ಆಟಿಕೆ ನೋಡಿ!)

ನಂಗೆ ಹಿಡಿಸಿದ್ದು ಪಾತ್‌ಫೈಂಡರಿನ ಎರಡನೇ ಆವೃತ್ತಿ, 2019ರದ್ದು. ಅಲ್ಲಿ ಉಕ್ಕಿನ ಗುರಾಣಿಗೆ ಗಡಸುತನ 5, ಹಿಟ್ ಪಾಯಿಂಟ್ 20, ಜೊತೆಗೆ ಮೂರನೇ ಸಂಖ್ಯೆ 10. ಹತ್ತಕ್ಕೆ ಇಳಿದ್ರೆ ಗುರಾಣಿ ಕೆಟ್ಟಿದೆ, ಕೆಲಸಕ್ಕೆ ಬರಲ್ಲ, ಆದ್ರೆ ರಿಪೇರಿ ಮಾಡಬಹುದು. ಸೊನ್ನೆಗೆ ಇಳಿದ್ರೆ ಮಾತ್ರ ನಾಶ. ಅದೇ ಓಗರಿನ 16ರ ಏಟನ್ನ ಅಲ್ಲಿಗೆ ಹಾಕಿ ನೋಡಿ. 5 ಗುರಾಣಿ ನುಂಗುತ್ತೆ, ಮಿಕ್ಕ 11 ನಂಗೂ ಬೀಳುತ್ತೆ, ಗುರಾಣಿಗೂ ಬೀಳುತ್ತೆ. ಗುರಾಣಿ 9ಕ್ಕೆ ಇಳಿದು ಕೆಟ್ಟಿತು. ಮುಖ್ಯ ಏನಂದ್ರೆ, ಗುರಾಣಿ ಒಡ್ಡಬೇಕಾ ಬೇಡವಾ ಅಂತ ಏಟು ಬಿದ್ದ ಮೇಲೆ ಆಡೋನನ್ನ ಕೇಳ್ತಾರೆ. 2008ರ ಸುಮಾರಿಗೆ ಹಳೇ ಆವೃತ್ತಿ ಆಡೋರ ನಡುವೆ ಒಂದು ಮನೆ ನಿಯಮವೂ ಹಬ್ಬಿತ್ತು. ಗುರಾಣಿ ಚೂರಾಗಲಿ ಅಂತ ನೀನೇ ಹೇಳಿದ್ರೆ ಆ ಒಂದು ಏಟು ನಿನಗೆ ತಾಗಲ್ಲ. ಎರಡರಲ್ಲೂ ವಸ್ತು ಮುರಿಯುತ್ತೆ. ಆದ್ರೆ ಮುರಿಯಲಿ ಅಂತ ಹೇಳಿದ್ದು ನೀನು.

ಆಗ ಗೊತ್ತಾಯ್ತು ನನ್ನ ಸಿಟ್ಟು ನ್ಯೂಟನ್ನಿಗೆ ಸಂಬಂಧಪಟ್ಟದ್ದಲ್ಲ ಅಂತ. ನನ್ನನ್ನ ಯಾರೂ ಕೇಳಿರಲಿಲ್ಲ. ಓಗರಿನ 16 ಬೋರನ ಮೇಲೆ ಬಿದ್ದಿದ್ರೆ ನಾನು ಅಯ್ಯೋ ಅನ್ನದೆ ಹಾಳೆಯಲ್ಲಿ 38 ಅಳಿಸಿ 22 ಬರೀತಿದ್ದೆ.

ಇನ್ನೊಂದು ಸಾಲು ಆ 3.5 ಪುಸ್ತಕದಲ್ಲಿದೆ, ಅದು ತಲೆಯಿಂದ ಹೋಗ್ಲಿಲ್ಲ. ಏಟು ತಿಂದ ವಸ್ತು ಸೊನ್ನೆಗೆ ಇಳಿಯೋವರೆಗೂ ಪೂರ್ತಿ ಕೆಲಸ ಮಾಡುತ್ತೆ. ಐದರಲ್ಲಿ ನಾಲ್ಕು ಹೋದ್ರೂ ಖಡ್ಗ ಮೊದಲಿನಷ್ಟೇ ಹರಿತ. ಮೊದಲ ಸಲ ಓದಿದಾಗ ಇದನ್ನೂ ಆಡಿಕೊಂಡಿದ್ದೆ. ಈಗ ಫಟೀಗ್ ನೆನಪಾಯ್ತು. ಒಂದೇ ಏಟಿಗೆ ಏನೂ ಆಗದಂಥ ಸಣ್ಣ ಭಾರವನ್ನ ಲಕ್ಷಗಟ್ಟಲೆ ಸಲ ಹಾಕಿ ತೆಗೆದ್ರೆ ಒಳಗೆ ಬಿರುಕು ಬೆಳೆಯುತ್ತೆ. ಹೊರಗೆ ಏನೂ ಕಾಣಲ್ಲ, ಒಂದು ದಿನ ದಿಢೀರ್ ಅಂತ ತುಂಡು. ಹತ್ತೊಂಬತ್ತನೇ ಶತಮಾನದಲ್ಲಿ ವೋಲರ್ ಅನ್ನೋ ಜರ್ಮನ್ ಇಂಜಿನಿಯರ್ ರೈಲಿನ ಅಚ್ಚು ಯಾಕೆ ಮುರಿಯುತ್ತೆ ಅಂತ ಹುಡುಕ್ತಾ ಇದನ್ನ ವರ್ಷಗಟ್ಟಲೆ ಪರೀಕ್ಷೆ ಮಾಡಿದ. ಉಕ್ಕಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಭಾರ ಎಷ್ಟು ಸಲ ಬಿದ್ರೂ ಲೆಕ್ಕಕ್ಕಿಲ್ಲ. ಥೇಟ್ ಆಟದ ಗಡಸುತನದ ಹಾಗೆ! ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ. ಅದಕ್ಕೆ ಪ್ರತಿಯೊಂದೂ ಲೆಕ್ಕ. (ನಮ್ಮ ಲ್ಯಾಬಿನ ಫಟೀಗ್ ಯಂತ್ರ ನಾಲ್ಕೂ ವರ್ಷ ಕೆಟ್ಟು ನಿಂತಿತ್ತು. ರೀಡಿಂಗ್ಸ್ ಸೀನಿಯರ್ ರೆಕಾರ್ಡಿನಿಂದ ಇಳಿಸಿಕೊಂಡೆವು.)

ಮೂರನೇ ಶನಿವಾರ ರಾತ್ರಿ ಟೊರಾಂಟೋಗೆ ಫೋನ್ ಮಾಡಿದೆ. ಅವನಿಗೆ ಬೆಳಿಗ್ಗೆ. ಎಷ್ಟು ದಿನ ಆಯ್ತು ಮಾತಾಡಿ ಅಂತ ಫೋನ್ ಎತ್ತೋವರೆಗೂ ಯೋಚನೆ ಮಾಡಿರಲಿಲ್ಲ. ಹುಟ್ಟುಹಬ್ಬಕ್ಕೆ ಮೆಸೇಜು, ಯುಗಾದಿಗೆ ಒಂದು ಫಾರ್ವರ್ಡು, ಅವನ ಫೋಟೋಗೆ ಒಂದು ಹೆಬ್ಬೆಟ್ಟು. ಎಲ್ಲಾ ಸರಿಯಾಗಿಯೇ ನಡೀತಿತ್ತು.

"ಅಪ್ಪೆಮಿಡಿ ಮುರಿದು ಹೋಯ್ತು ಕಣೋ" ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಓ, ನಿನಗೂ ಅಮ್ಮ ಹೇಳಿದ್ಲಾ? ಹೌದು ಮಾರಾಯಾ, ಈ ವರ್ಷ ಮಿಡಿ ಹಾಕಿಲ್ಲ" ಅಂದ.

ನಾನು ಹೇಳಿದ್ದು ಅವನಿಗೆ ಅರ್ಥ ಆಗಿರಲಿಲ್ಲ. ಅವನು ಹೇಳಿದ್ದು ನಂಗೆ ಆಗಲಿಲ್ಲ. ಎಳೆದು ಎಳೆದು ಕೇಳಿದ ಮೇಲೆ ತಿಳೀತು. ಶಿವರಾತ್ರಿ ಹೊತ್ತಿಗೆ ಅವನ ಅಮ್ಮ ಅಡಿಕೆ ಒಣಗಿಸೋ ಅಂಗಳದಲ್ಲಿ ಜಾರಿ ಬಿದ್ದಿದ್ದಾರೆ. ಬಲಗೈ ಮಣಿಕಟ್ಟು ಮುರಿದು, ಪ್ಲೇಟ್ ಹಾಕಿದ್ದಾರೆ. ಎಂಟು ತಿಂಗಳಾದ್ರೂ ಉಪ್ಪಿನಕಾಯಿ ಭರಣಿ ಎತ್ತೋಕೆ ಆಗಲ್ಲ, ಕೈ ಅರ್ಧ ತಿರುಗುತ್ತೆ ಅಷ್ಟೇ. ಇವನು ಬರೋಕೆ ಆಗಲಿಲ್ಲ, ವೀಸಾದ್ದೇನೋ ತೊಡಕು. ಅವರೊಬ್ಬರೇ ಆಸ್ಪತ್ರೆಗೆ ಓಡಾಡಿದ್ದಾರೆ. ಸಾಗರ ಬೆಂಗಳೂರಿನಿಂದ ಒಂದು ರಾತ್ರಿ ಬಸ್ಸು. ಹಾಸ್ಟೆಲ್ಲಿನ ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ನಾನು ಎಷ್ಟು ದೋಸೆ ತಿಂದಿದ್ದೀನಿ ಅನ್ನೋದಕ್ಕೆ ಲೆಕ್ಕ ಇಲ್ಲ.

"ನಂಗ್ಯಾಕೋ ಹೇಳಲಿಲ್ಲ?" ಅಂದೆ.

"ನೀನು ಕೇಳಲಿಲ್ಲ" ಅಂದ. ಸಿಟ್ಟೇನೂ ಇರಲಿಲ್ಲ ಧ್ವನಿಯಲ್ಲಿ. ಆಮೇಲೆ, "ಅದಿರಲಿ, ನೀನು ಯಾವುದೋ ಮುರೀತು ಅಂದ್ಯಲ್ಲ, ಏನದು?"

ಖಡ್ಗ ಅಂದೆ. ಕುಳ್ಳನ ಖಡ್ಗ. ಅವನಿಗೆ ನೆನಪಿರಲಿಲ್ಲ. ಸೇತುವೆ ನೆನಪಿತ್ತು, ಸತ್ತದ್ದು ನೆನಪಿತ್ತು, ಖಡ್ಗಕ್ಕೆ ಹೆಸರಿಟ್ಟಿದ್ದು ಮರೆತೇ ಹೋಗಿತ್ತು. ಹೆಸರು ಕೇಳಿ ಬಿದ್ದು ಬಿದ್ದು ನಕ್ಕ. ನಾನು ಓಗರ್ ವಿಷಯ, ಡಿಎಂ ಜೊತೆ ಜಗಳ ಆಡಿದ ವಿಷಯ ಹೇಳಲಿಲ್ಲ.

ಮಾರನೇ ದಿನ ಸಾಗರಕ್ಕೆ ಫೋನ್ ಮಾಡಿದೆ. "ಯಾರು? ಓ, ಇದ್ಯಾ ಮಾರಾಯಾ ನೀನು?" ಅಂದ್ರು. ಕೈ ಹೇಗಿದೆ ಅಮ್ಮಾ ಅಂದ್ರೆ, "ಎಂತ ಆಗ್ಲಿಲ್ಲ, ಊಟ ಮಾಡ್ಲಿಕ್ಕೆ ಬರ್ತದೆ, ಮತ್ತೆಂತ ಬೇಕು" ಅಂದ್ರು. ದೀಪಾವಳಿಗೆ ಬರ್ತೀನಿ ಅಂದಿದ್ದೀನಿ. ಟಿಕೆಟ್ ಮಾಡಿಸಿದ್ದೂ ಆಯ್ತು.

ಹೋದ ಶನಿವಾರ ಡಿಎಂ ಮನೆ ಮಹಡಿ ಹತ್ತಿದೆ. ಯಾರೂ ಏನೂ ಕೇಳಲಿಲ್ಲ. ಡಿಎಂ ಕಾಫಿ ಲೋಟ ನನ್ನ ಕಡೆ ಸರಿಸಿ, "ಓಗರ್ ಸತ್ತಿದೆ, ನೀನು ಪ್ರಜ್ಞೆ ತಪ್ಪಿದ್ದೆ ಅಂತ ಇಟ್ಕೊಂಡಿದ್ದೀವಿ" ಅಂದ್ರು. ನಾನು ಸಾರಿ ಸಾರ್ ಅಂದೆ. ಅವರು, "ಹೊಡೆಯೋ ಮೊದಲು ನಿನ್ನ ಒಂದು ಮಾತು ಕೇಳಬೇಕಿತ್ತು ಕಣೋ" ಅಂದ್ರು.

ಅಕ್ಕ ಅವರ ಹಾಳೆ ನನ್ನ ಮುಂದೆ ಇಟ್ಟರು. ಸಾಮಾನಿನ ಪಟ್ಟಿಯ ಕೊನೆಯಲ್ಲಿ ದುಂಡಗಿನ ಮೇಡಮ್ಮಿನ ಅಕ್ಷರ: ಅಪ್ಪೆಮಿಡಿ, 2 ತುಂಡು, 4 ಪೌಂಡು. ನಾನು ಎದ್ದು ಹೋದ ಮೇಲೆ ಅವರ ಪೂಜಾರಿಣಿ ಬಗ್ಗಿ ಎತ್ತಿಕೊಂಡಿದ್ದಾಳೆ. ಅವಳ ಶಕ್ತಿ ಬರೀ 10, ಹೊರೋ ಭಾರ 33 ಪೌಂಡು ದಾಟಿದ್ರೆ ನಡಿಗೆ 30 ಅಡಿಯಿಂದ 20 ಅಡಿಗೆ ಇಳಿಯುತ್ತೆ. ಈ ನಾಲ್ಕು ಪೌಂಡಿನಿಂದ ದಾಟಿತ್ತು. ಮೂರು ವಾರ ಅವಳು ಎಲ್ಲರಿಗಿಂತ ಹಿಂದೆ ನಡೆದಿದ್ದಾಳೆ.

"ಮೇಕ್ ಹೋಲ್ ಅಂತ ಒಂದು ಮಂತ್ರ ಇದೆ ಕಣೋ, ಮುರಿದದ್ದನ್ನ ಪೂರ್ತಿ ಜೋಡಿಸುತ್ತೆ. ಅವತ್ತು ನನ್ನ ಪಟ್ಟಿಯಲ್ಲಿರಲಿಲ್ಲ, ನಾಳೆ ತಗೋತೀನಿ ಅಂತ ಹೇಳೋಣ ಅಂದ್ರೆ ನೀನು ಗಾಡಿ ಹತ್ತಿದ್ದೆ. ಆಮೇಲೆ ನೀನು ಬರದಿದ್ದ ಮೂರು ವಾರಾನೂ ಒಂದು ಇಟ್ಕೊಂಡೇ ಇದ್ದೆ" ಅಂದ್ರು. ಈ ಆವೃತ್ತಿಯಲ್ಲಿ ಯಾವ ಮಂತ್ರ ಬೇಕು ಅಂತ ದಿನಾ ಬೆಳಿಗ್ಗೆ ಮೊದಲೇ ಆರಿಸಿಕೊಂಡಿರಬೇಕು, ಒಂದನ್ನ ಇಟ್ಕೊಂಡ್ರೆ ಇನ್ನೊಂದನ್ನ ಬಿಡಬೇಕು.

"ಜೋಡಿಸ್ಲಾ?"

ನಾನು ಡಿಎಂ ಮುಖ ನೋಡಿದೆ. ಅವರು ಪುಸ್ತಕ ತೆರೆದು, ಹೊಸದರಷ್ಟೇ ಗಟ್ಟಿಯಾಗುತ್ತೆ, ದಾಳ ಏನೂ ಬೇಡ ಅಂದ್ರು. ನಾನು ಜೋಡಿಸಿ ಅಕ್ಕಾ ಅಂದೆ. ಅಕ್ಕ ಅವರ ಹಾಳೆಯಿಂದ ಆ ಸಾಲನ್ನ ಅಳಿಸಿ, ರಬ್ಬರಿನ ಪುಡಿ ಊದಿ, ನನ್ನ ಹಾಳೆಗೆ ಕೈ ಚಾಚಿದ್ರು. ಅಲ್ಲಿ ಹಳೇ ಸಾಲು ಹಾಗೇ ಇತ್ತು, ನಾನು ಅಳಿಸಿರಲೇ ಇಲ್ಲ. ಅದನ್ನ ನೋಡಿ ಪೆನ್ಸಿಲ್ ಕೆಳಗಿಟ್ಟು, "ಸರಿ, ಈಗ ಯಾರ ಸರದಿ?" ಅಂದ್ರು.

ಅವತ್ತಿನ ಹಾಳೆಯ ಫೋಟೋ ತೆಗೆದು ಟೊರಾಂಟೋಗೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು.

"ಇಷ್ಟು ಕೆಟ್ಟದಾಗಿ ಯಾರೋ ಬರೆದಿದ್ದು? :-) ಅಮ್ಮಂಗೆ ಫೋನ್ ಮಾಡಿದ್ಯಂತೆ."